ಸೋರುವ ಕಿವಿಯೂ ಶ್ರುತಿಕವೆಯೂ

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಊರವರ ಬಾಯಲ್ಲಿ ‘ಐಶ್’. ಮಾತು ತಡವಾದ ಮಕ್ಕಳನ್ನು ತೋರಿಸುವ ಜಾಗವೆಂದಷ್ಟೇ ಹಲವರಿಗೆ ಗೊತ್ತು. 1960ರ ದಶಕದಲ್ಲಿ ಕೇಂದ್ರ ಸರ್ಕಾರ ಕಟ್ಟಿದ ಈ ಸಂಸ್ಥೆಯಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯರೂ ಶ್ರವಣ ತಜ್ಞರೂ ಒಂದೇ ಆವರಣದಲ್ಲಿ ಸಿಗುತ್ತಾರೆ. ಸೋರುವ ಕಿವಿಗೆ ಇಬ್ಬರೂ ಬೇಕು.

ನಮ್ಮ ಮನೆಗಳಲ್ಲಿ ಮಗುವಿನ ಕಿವಿ ಸೋರುವುದನ್ನು ಕಾಯಿಲೆಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ನೋವಿಲ್ಲ, ಜ್ವರವಿಲ್ಲ, ಶೀತವಾದಾಗ ಸೋರುತ್ತದೆ, ಆಮೇಲೆ ಒಣಗುತ್ತದೆ. ‘ದೊಡ್ಡವನಾದ್ಮೇಲೆ ಸರಿಹೋಗುತ್ತೆ ಬಿಡು’ ಎಂದು ಎಣ್ಣೆ ಬಿಟ್ಟು ಹತ್ತಿ ತುರುಕುತ್ತಾರೆ. ಹೀಗೆ ಕಳೆದುಹೋಗುವ ವರ್ಷಗಳನ್ನು ನೆನೆದರೆ ಸಂಕಟವಾಗುತ್ತದೆ. ಅಷ್ಟರಲ್ಲಿ ಆ ಮಗು ತರಗತಿಯ ಅರ್ಧ ಪಾಠವನ್ನು ಕೇಳಿಸಿಕೊಂಡೇ ಇರುವುದಿಲ್ಲ.

ಮೂಗಿನ ಹಿಂಭಾಗದಿಂದ ನಡುಗಿವಿಗೆ ಗಾಳಿ ಒಯ್ಯುವ ನಾಳ ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡಡ್ಡ. ಪದೇ ಪದೇ ಶೀತವಾದರೆ, ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ಊದಿದರೆ ಸೋಂಕು ಸಲೀಸಾಗಿ ಒಳಗೇರುತ್ತದೆ. ಒಲೆ, ಬೀಡಿಯ ಹೊಗೆಯೂ ಅದಕ್ಕೆ ದಾರಿ ಮಾಡಿಕೊಡುತ್ತದೆ. ಕೀವು ತುಂಬಿ ಕಿವಿಯ ತಮಟೆ ಒಡೆಯುತ್ತದೆ. ತೂತು ಮುಚ್ಚದೆ ಉಳಿದರೆ ಸ್ನಾನದ ನೀರು, ಕೆರೆಯ ನೀರು ಒಳಸೇರಿ ಸೋರಿಕೆ ಮರುಕಳಿಸುತ್ತಲೇ ಇರುತ್ತದೆ.

ವೈದ್ಯರು ಮೊದಲು ಕೀವು ಒರೆಸಿ ಬೆಳಕು ಬಿಟ್ಟು ನೋಡುತ್ತಾರೆ. ತೂತು ತಮಟೆಯ ನಡುವೆ ಇದ್ದರೆ ಗಾಬರಿ ಕಡಿಮೆ. ಮೇಲಂಚಿನಲ್ಲಿ ಬಿಳಿ ಪದರ ಕಂಡು, ಸೋರುವುದು ತುಸುವೇ ಆದರೂ ಕೆಟ್ಟ ವಾಸನೆ ಹೊಡೆದರೆ ಅದು ಕೊಲೆಸ್ಟಿಯಾಟೋಮಾ ಇರಬಹುದು. ಕ್ಯಾನ್ಸರ್ ಅಲ್ಲ, ತಪ್ಪಾದ ಜಾಗದಲ್ಲಿ ಬೆಳೆದ ಚರ್ಮ; ಆದರೆ ಸುತ್ತಲಿನ ಎಲುಬನ್ನೇ ಸವೆಸುತ್ತದೆ. ಅದಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ.

ಕಿವಿ ಎಷ್ಟು ಕೇಳುತ್ತದೆಂದು ಅಳೆಯಲು ಇಷ್ಟು ಯಂತ್ರಗಳಿರುವ ಕಾಲದಲ್ಲೂ ನನಗೆ ಬೆರಗು ಹುಟ್ಟಿಸುವುದು ಶ್ರುತಿಕವೆ. ಸೆಕೆಂಡಿಗೆ 512 ಸಲ ಕಂಪಿಸುವ ಕವೆಯನ್ನು ತಟ್ಟಿ, ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತುತ್ತಾರೆ. ಆಮೇಲೆ ಕಿವಿಯ ಮುಂದೆ ಹಿಡಿಯುತ್ತಾರೆ. ‘ಯಾವಾಗ ಜೋರಾಗಿ ಕೇಳ್ತು, ಪುಟ್ಟಾ?’ ಸರಿಯಿರುವ ಕಿವಿಗೆ ಮುಂದೆ ಹಿಡಿದಾಗ ಜೋರು. ತಮಟೆಯೋ ಅದರ ಹಿಂದಿನ ಪುಟ್ಟ ಮೂಳೆಗಳೋ ಸಾಕಷ್ಟು ಕೆಟ್ಟಿದ್ದರೆ ಎಲುಬಿಗೆ ಒತ್ತಿದಾಗಲೇ ಜೋರು. ಜರ್ಮನಿಯ ವೈದ್ಯ ರಿನ್ನೆ 1855ರಲ್ಲಿ ವಿವರಿಸಿದ ಪರೀಕ್ಷೆ ಇದು. ಒಂದೇ ಕಿವಿ ಹೀಗೆ ಕೆಟ್ಟಿದ್ದು, ಕವೆಯನ್ನು ಹಣೆಯ ನಡುವೆ ಇಟ್ಟರಂತೂ ಸದ್ದು ಆ ಕೆಟ್ಟ ಕಿವಿಯ ಕಡೆಗೇ ವಾಲುತ್ತದೆ!

ಬಳಿಕ ಸದ್ದಿಲ್ಲದ ಕೋಣೆಯಲ್ಲಿ ಆಡಿಯೋಗ್ರಾಂ; ಎಲುಬಿನ ಮೂಲಕ ಎಷ್ಟು ಕೇಳುತ್ತದೆ, ಗಾಳಿಯ ಮೂಲಕ ಎಷ್ಟು ಎಂಬುದನ್ನು ಅದು ಎರಡು ಗೆರೆಗಳಲ್ಲಿ ತೋರಿಸುತ್ತದೆ. ಎಲುಬಿನ ಗೆರೆ ಸರಿಯಿದ್ದು ಗಾಳಿಯ ಗೆರೆ ಮಾತ್ರ ಕೆಳಗಿಳಿದಿದ್ದರೆ ಒಳಗಿವಿ ಗಟ್ಟಿಯಾಗಿದೆ. ತಮಟೆಗೆ ತೇಪೆ ಹಾಕಿದರೆ ಕೇಳಿಸುವ ಭರವಸೆಯಿದೆ. ಅಲ್ಲಿಯವರೆಗೆ ಕಿವಿ ಒಣಗಿರಬೇಕು, ಎಣ್ಣೆ ಬೇಡವೇ ಬೇಡ. ತಲೆಸುತ್ತು, ಮುಖ ಸೊಟ್ಟಗಾಗುವುದು, ಜ್ವರದೊಡನೆ ತಲೆನೋವು, ಕಿವಿಯ ಹಿಂದೆ ಬಾವು, ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು.