ಇಂಜಿನ್ನಿನೊಳಗಿನ ಕೆಂಡ

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಟ್ಟರೆ ಕೋಲಾರ ಸೀಮೆಯ ಹಳ್ಳಿಗಳಲ್ಲಿ ಬೆಳಗಿನ ಜಾವದ ಸದ್ದೇ ಬೇರೆಯಾಗುತ್ತದೆ. ಹಿಂದಿನ ಸಂಜೆಯೇ ಟೊಮೆಟೊ ಬಾಕ್ಸ್ ಜೋಡಿಸಿ ಹಗ್ಗ ಬಿಗಿದ ಟಾಟಾ ಏಸ್ ಮನೆಯ ಮುಂದೆ ನಿಂತಿರುತ್ತದೆ. ಕೀಲಿ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತದೆ, ಹೊಡೆಯುತ್ತಲೇ ಇರುತ್ತದೆ. ಇಂಜಿನ್ ಎರಡು ಸಲ ಕೆಮ್ಮಿ, ಒಂದಿಷ್ಟು ಬಿಳಿ ಹೊಗೆ ಉಗುಳಿ ಸುಮ್ಮನಾಗುತ್ತದೆ. ಮುಳಬಾಗಿಲಿನಿಂದಾಗಲಿ ಶ್ರೀನಿವಾಸಪುರದಿಂದಾಗಲಿ ಕೋಲಾರದ ಎಪಿಎಂಸಿ ಹೆಚ್ಚು ದೂರವೇನಲ್ಲ. ಆದರೆ ಹದಿನೈದು ಕಿಲೊ ಬಾಕ್ಸ್‌ನ ಲೆಕ್ಕದಲ್ಲಿ ನಡೆಯುವ ಹರಾಜು ಯಾರ ಇಂಜಿನ್ನಿಗೂ ಕಾಯುವುದಿಲ್ಲ. 2023ರ ಜುಲೈನಲ್ಲಿ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ ದಿನಗಳನ್ನು ಕಂಡ ರೈತನಿಗೆ ಒಂದು ಗಂಟೆ ತಡವಾದರೆ ಏನು ನಷ್ಟವೆಂದು ಬಿಡಿಸಿ ಹೇಳಬೇಕಿಲ್ಲ.

ಹೀಗೆ ಕೆಮ್ಮುವ ಗಾಡಿಯಲ್ಲಿ ಹೆಚ್ಚಿನ ಸಲ ದೋಷವಿರುವುದು ಬೆರಳುದ್ದದ ಒಂದು ಸಾಮಾನಿನಲ್ಲಿ. ಕೈಪಿಡಿಗಳಲ್ಲಿ ಅದರ ಹೆಸರು ಗ್ಲೋ ಪ್ಲಗ್. ಗ್ಯಾರೇಜಿನಲ್ಲಿ ಎಲ್ಲರೂ ಕರೆಯುವುದು ಹೀಟರ್ ಪ್ಲಗ್ ಎಂದು. ಬೆಲೆ ಕೆಲವು ನೂರು ರೂಪಾಯಿ. ಮನೆಯಂಗಳದಲ್ಲೇ ಬದಲಾಯಿಸಬಹುದು. ಆದರೆ ಅವಸರಪಟ್ಟರೆ ಇದೇ ಸಾಮಾನು ಇಂಜಿನ್ನಿನ ಹೆಡ್ ಬಿಚ್ಚಿಸುವಷ್ಟು ದೊಡ್ಡ ಕೆಲಸ ತಂದಿಡುತ್ತದೆ. ಹಾಗಾಗಿ ಪಾನ ಹಿಡಿಯುವ ಮೊದಲು ಇದು ಒಳಗೆ ಏನು ಮಾಡುತ್ತದೆ ಎಂಬುದನ್ನು ತಿಳಿದುಕೊಳ್ಳೋಣ.

ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು, ಡೀಸೆಲ್‌ಗೆ ಬೇಡ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಇಂಜಿನ್ನಿನ ಗುಟ್ಟು ಇದೇ: ಗಾಳಿಯನ್ನು ಬಲವಾಗಿ ಒತ್ತಿದರೆ ಅದು ತಾನೇ ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಕೈಯಾರೆ ಕಂಡಿದ್ದೇವೆ. ಟಾಟಾ ಏಸ್‌ನಂಥ ಹಳೆಯ ಮಾದರಿಯ ಸಣ್ಣ ಡೀಸೆಲ್ ಇಂಜಿನ್ನು ಗಾಳಿಯನ್ನು ಸುಮಾರು 22 ಪಟ್ಟು ಕಿರಿದು ಮಾಡುತ್ತದೆ. ಲೆಕ್ಕದ ಪ್ರಕಾರ ಆ ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು 250 ಡಿಗ್ರಿ ಆಸುಪಾಸು ಸಾಕು. ಹಾಗಿದ್ದೂ ಚಳಿಯಲ್ಲಿ ಯಾಕೆ ಹೊತ್ತುವುದಿಲ್ಲ?

ಲೆಕ್ಕದ ಬಿಸಿಯನ್ನು ತಣ್ಣಗಿನ ಕಬ್ಬಿಣ ಕದಿಯುತ್ತದೆ, ಅದಕ್ಕೆ. ಕೋಲಾರದ ನೆಲ ಸಮುದ್ರಮಟ್ಟದಿಂದ 800 ಮೀಟರ್‌ಗೂ ಎತ್ತರದಲ್ಲಿದೆ. ಡಿಸೆಂಬರ್–ಜನವರಿಯ ಬೆಳಗಿನ ಜಾವ ಹದಿನೈದು ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಹಿಮ ಬೀಳುವ ನಾಡುಗಳಿಗೆ ಇದು ಚಳಿಯೇ ಅಲ್ಲ. ಆದರೆ ಈ ಇಂಜಿನ್ನುಗಳಲ್ಲಿ ಡೀಸೆಲ್ ನೇರವಾಗಿ ಸಿಲಿಂಡರಿನ ಒಳಕ್ಕೆ ಬೀಳುವುದಿಲ್ಲ. ಹೆಡ್‌ನಲ್ಲಿ ಕೊರೆದ ಒಂದು ಪುಟ್ಟ ಗೂಡಿನೊಳಗೆ ಮೊದಲು ಸಿಂಪಡಣೆಯಾಗಿ, ಅಲ್ಲಿ ಹೊತ್ತಿಕೊಂಡು, ಆಮೇಲೆ ಸಿಲಿಂಡರಿಗೆ ನುಗ್ಗುತ್ತದೆ. ಗೂಡಿನ ಗೋಡೆಗಳು ಗಾಳಿಯ ಬಿಸಿಯನ್ನು ಹೀರಿಬಿಡುತ್ತವೆ. ಬಹುಪಾಲು ದೊಡ್ಡ ಟ್ರಾಕ್ಟರುಗಳಲ್ಲಿ ಡೀಸೆಲ್ ನೇರ ಸಿಲಿಂಡರಿಗೇ ಬೀಳುವುದರಿಂದ ಅವುಗಳಿಗೆ ಹೀಟರ್ ಪ್ಲಗ್ ಬೇಕಾಗುವುದಿಲ್ಲ. ಹಳೆಯ ಟಾಟಾ ಸುಮೊ, ಇಂಡಿಕಾ, ಪ್ಯೂಜೊ ಇಂಜಿನ್ನಿನ ಮಹೀಂದ್ರ ಜೀಪು, ಟಾಟಾ ಏಸ್, ಇವೆಲ್ಲ ಗೂಡಿನ ಜಾತಿಯವು.

ಆ ಗೂಡಿನೊಳಗೆ ಮೂತಿ ಚಾಚಿ ಕೂತಿರುವುದೇ ಹೀಟರ್ ಪ್ಲಗ್. ಉಕ್ಕಿನ ಪುಟ್ಟ ಕೊಳವೆ, ಅದರೊಳಗೆ ತಂತಿಯ ಸುರುಳಿ, ಸುರುಳಿ ಕೊಳವೆಗೆ ತಾಗದಂತೆ ಸುತ್ತ ಗಟ್ಟಿಯಾಗಿ ತುಂಬಿದ ಮೆಗ್ನೀಷಿಯಂ ಆಕ್ಸೈಡ್ ಪುಡಿ. ಬ್ಯಾಟರಿಯ ಕರೆಂಟು ಹರಿದ ಕೆಲವೇ ಸೆಕೆಂಡಿನಲ್ಲಿ ತುದಿ 800 ಡಿಗ್ರಿ ದಾಟಿ ಕೆಂಡವಾಗುತ್ತದೆ. ಸಿಂಪಡಣೆಯಾದ ಡೀಸೆಲ್‌ನ ಅಂಚು ಆ ಕೆಂಡವನ್ನು ಸವರಿಕೊಂಡು ಹೋಗಿ ಹೊತ್ತಿಕೊಳ್ಳುತ್ತದೆ. 1920ರ ದಶಕದಿಂದಲೂ ಜರ್ಮನಿಯ ಬಾಷ್ ಕಂಪನಿ ಇದನ್ನು ಮಾಡುತ್ತ ಬಂದಿದೆ. ನಮ್ಮ ಡ್ರೈವರ್‌ಗಳ ಬಾಯಲ್ಲಿ ಇಂದಿಗೂ ಉಳಿದಿರುವ ‘ಮೈಕೊ’, ಅಂದರೆ ಬೆಂಗಳೂರಿನ ಆಡುಗೋಡಿಯಲ್ಲಿ ಡೀಸೆಲ್ ಪಂಪು, ನಾಝಲ್ ತಯಾರಿಸಿದ ಕಂಪನಿ, 1951ರಲ್ಲಿ ಶುರುವಾದದ್ದು ಆ ಬಾಷ್ ನಂಟಿನಿಂದಲೇ.

ಟಾಟಾ ಏಸ್ ವಿಷಯದಲ್ಲಿ ಒಂದು ವಿಶೇಷವಿದೆ. 2005ರಲ್ಲಿ ರಸ್ತೆಗಿಳಿದ ಈ ಗಾಡಿಯ 702 ಸಿಸಿ ಇಂಜಿನ್ನು ಇಂಡಿಕಾದ ನಾಲ್ಕು ಸಿಲಿಂಡರಿನ ಇಂಜಿನ್ನನ್ನು ಅರ್ಧಕ್ಕೆ ಇಳಿಸಿ ಮಾಡಿದ್ದು. ಇರುವುದು ಎರಡೇ ಸಿಲಿಂಡರ್, ಎರಡೇ ಪ್ಲಗ್. ನಾಲ್ಕರಲ್ಲಿ ಒಂದು ಸತ್ತರೆ ಉಳಿದ ಮೂರು ಎಳೆದುಕೊಂಡು ಹೋಗುತ್ತವೆ, ಮಾಲೀಕನಿಗೆ ಗೊತ್ತೂ ಆಗುವುದಿಲ್ಲ. ಎರಡರಲ್ಲಿ ಒಂದು ಸತ್ತರೆ ಅರ್ಧ ಇಂಜಿನ್ನೇ ಸತ್ತಂತೆ. ಸ್ಟಾರ್ಟ್ ಆದರೂ ಒಂದೆರಡು ನಿಮಿಷ ಕುಂಟುತ್ತದೆ, ಕಣ್ಣುರಿಸುವ ಬಿಳಿ ಹೊಗೆ ಬಿಡುತ್ತದೆ. ಆ ಹೊಗೆ ಉರಿಯದೆ ಆವಿಯಾಗಿ ಹೊರಬಿದ್ದ ಡೀಸೆಲ್.

ಇನ್ನೊಂದು ಮಾತು. ಈ ದೋಷ ಹುಟ್ಟುವ ಕಾಲ ಬೇರೆ, ಕಾಣಿಸಿಕೊಳ್ಳುವ ಕಾಲ ಬೇರೆ. ಮೇ, ಜೂನ್‌ನಲ್ಲಿ ಶ್ರೀನಿವಾಸಪುರದ ಮಂಡಿಗಳಿಗೆ ಬಾದಾಮಿ, ತೋತಾಪುರಿ ಹೊತ್ತು ಓಡಾಡುವಾಗ ಪ್ಲಗ್ ಸತ್ತಿದ್ದರೂ ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತದೆ. ದೀಪಾವಳಿ ದಾಟಿದ ಮೇಲೆ ತಕರಾರು ಶುರುವಾದಾಗ ಬ್ಯಾಟರಿಯನ್ನೋ ಪಂಪನ್ನೋ ಬೈಯುತ್ತೇವೆ. ಡ್ಯಾಶ್‌ಬೋರ್ಡಿನ ಸುರುಳಿ ಗುರುತಿನ ದೀಪವೂ ನಮ್ಮನ್ನು ದಾರಿ ತಪ್ಪಿಸುತ್ತದೆ. ಹಳೆಯ ಗಾಡಿಗಳಲ್ಲಿ ಅದು ಇಷ್ಟು ಹೊತ್ತು ಕಾದಿರಿ ಎಂದಷ್ಟೇ ಹೇಳುತ್ತದೆ, ಪ್ಲಗ್ ನಿಜವಾಗಿ ಕಾಯಿತೇ ಎಂದು ಅದಕ್ಕೆ ತಿಳಿಯದು.

ಹಾಗಾದರೆ ಸತ್ತದ್ದು ಯಾವುದು ಎಂದು ತಿಳಿಯುವುದು ಹೇಗೆ? ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ಏಸ್‌ನಲ್ಲಿ ಸೀಟು ಎತ್ತಿದರೆ ಇಂಜಿನ್ ಸಿಗುತ್ತದೆ. ಪ್ಲಗ್‌ಗಳ ತಲೆಗಳನ್ನು ಕೂಡಿಸುವ ಲೋಹದ ಪಟ್ಟಿ ಅಥವಾ ತಂತಿಯನ್ನು ತೆಗೆದಿಡಿ. ಮಲ್ಟಿಮೀಟರಿನ ಒಂದು ಕಡ್ಡಿ ಪ್ಲಗ್ ತಲೆಗೆ, ಇನ್ನೊಂದು ಇಂಜಿನ್ ಬಾಡಿಗೆ ಹಿಡಿದು ಓಮ್ ನೋಡಿ. ಚೆನ್ನಾಗಿರುವ ಪ್ಲಗ್ ಅರ್ಧದಿಂದ ಎರಡು ಓಮ್‌ನೊಳಗೆ ತೋರಿಸುತ್ತದೆ. ಸುರುಳಿ ಕಡಿದಿದ್ದರೆ ಮೀಟರ್ ಅಂಕಿಯನ್ನೇ ತೋರಿಸುವುದಿಲ್ಲ. ಮೀಟರ್ ಇಲ್ಲದಿದ್ದರೆ ಟೆಸ್ಟ್ ಬಲ್ಬೂ ಸಾಕು. ಮೈನಸ್ ತಂತಿ ಮತ್ತೆ ಹಾಕಿ, ಬಲ್ಬಿನ ಒಂದು ತಂತಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಪ್ಲಗ್ ತಲೆಗೆ ಹಿಡಿಯಿರಿ. ಬೆಳಗದಿದ್ದರೆ ಪ್ಲಗ್ ಸತ್ತಿದೆ.

ಪ್ಲಗ್‌ಗಳೆಲ್ಲ ಸರಿಯಿದ್ದರೆ ಅವನ್ನು ಮುಟ್ಟಬೇಡಿ. ಕರೆಂಟು ಅಲ್ಲಿಯವರೆಗೆ ಬರುತ್ತಿದೆಯೇ ನೋಡಿ. ಮೈನಸ್ ತಂತಿ ಹಾಕಿದ ಮೇಲೆ, ಬಿಚ್ಚಿದ ಪಟ್ಟಿಯ ತಂತಿಗೂ ಬಾಡಿಗೂ ನಡುವೆ ಬಲ್ಬು ಹಿಡಿದು ಮನೆಯವರೊಬ್ಬರಿಗೆ ಕೀಲಿ ತಿರುಗಿಸಲು ಹೇಳಿ. ಬಲ್ಬು ಬೆಳಗದಿದ್ದರೆ ತಪ್ಪು ಫ್ಯೂಸ್, ರಿಲೇ ಅಥವಾ ತುಕ್ಕು ಹಿಡಿದ ಕನೆಕ್ಷನ್ನಿನದು. ಒಂದೊಂದು ಪ್ಲಗ್ಗೂ ಹತ್ತು ಆಂಪಿಯರ್ ಆಸುಪಾಸು ಎಳೆಯುತ್ತದೆ, ಕಾಯಲು ಶುರುವಾದ ಕ್ಷಣದಲ್ಲಿ ಇನ್ನೂ ಹೆಚ್ಚು. ಹಸಿರು ಕಿಲುಬು ಹಿಡಿದ ಒಂದು ನಟ್ಟು ಅಷ್ಟು ಕರೆಂಟನ್ನು ತಡೆದುಬಿಡುತ್ತದೆ. ಹೊಸ ಪ್ಲಗ್ ಹಾಕಿಯೂ ಗುಣವಾಗದ ಗಾಡಿಗಳಲ್ಲಿ ಮೊದಲು ನೋಡಬೇಕಾದದ್ದು ಆ ನಟ್ಟನ್ನು.

ಈಗ ಬಿಚ್ಚುವ ಕೆಲಸ. ಇದಕ್ಕೆ ಎರಡು ದಿನದ ಬಿಡುವು ಇಟ್ಟುಕೊಳ್ಳಿ. ಮೊದಲ ಸಂಜೆ ಪ್ಲಗ್ ಬುಡದ ಗುಳಿಯನ್ನು ಗಾಳಿ ಹೊಡೆದು ಚೊಕ್ಕ ಮಾಡಿ. ಪಂಕ್ಚರ್ ಅಂಗಡಿಯ ಗಾಳಿಯಾದರೂ ಸರಿ, ಸೈಕಲ್ ಪಂಪಾದರೂ ಸರಿ. ಮಾಲೂರಿನ ಇಟ್ಟಿಗೆ, ಹೆಂಚಿನ ಗೂಡುಗಳಿಗೆ ಓಡುವ ಗಾಡಿಗಳಲ್ಲಿ ಆ ಗುಳಿಗಳು ಕೆಮ್ಮಣ್ಣಿನ ಧೂಳಿನಿಂದ ತುಂಬಿಹೋಗಿರುತ್ತವೆ. ಪ್ಲಗ್ ತೆಗೆದ ಕ್ಷಣ ಆ ಮಣ್ಣು ಸಿಲಿಂಡರಿಗೆ ಬಿದ್ದರೆ ಉಪ್ಪುಕಾಗದ ತಿಕ್ಕಿದಂತೆ ಒಳಮೈ ಸವೆಯುತ್ತದೆ. ಚೊಕ್ಕ ಮಾಡಿದ ಮೇಲೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಯಲು ಬಿಡಿ. ಮರುದಿನ ಗಾಡಿಯನ್ನು ಒಂದು ಸುತ್ತು ಓಡಿಸಿ ತನ್ನಿ; ಬಿಸಿ ಹೆಡ್‌ನಿಂದ ಪ್ಲಗ್ ಸಡಿಲವಾಗಿ ಬರುತ್ತದೆ. ಮೈನಸ್ ತಂತಿ ಬಿಚ್ಚಿ, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಉದ್ದ ಸಾಕೆಟ್ಟನ್ನು ನೆಟ್ಟಗೆ ಕೂರಿಸಿ.

ಎಷ್ಟು ಬಲ ಹಾಕಬೇಕು? ಹತ್ತು ಮಿಲಿಮೀಟರ್ ಥ್ರೆಡ್ಡಿನ ಪ್ಲಗ್ ಸಾಮಾನ್ಯವಾಗಿ 35 ನ್ಯೂಟನ್ ಮೀಟರ್ ದಾಟಿದರೆ ಮುರಿಯುವ ಅಪಾಯವಿದೆ. ಇಪ್ಪತ್ತು ಸೆಂಟಿಮೀಟರ್ ಹಿಡಿಕೆಯ ತುದಿಗೆ ಹದಿನೆಂಟು ಕಿಲೊ ತೂಗುಹಾಕಿದಷ್ಟು ಅದು, ಅಂದರೆ ಒಂದು ಟೊಮೆಟೊ ಬಾಕ್ಸಿಗಿಂತ ತುಸು ಹೆಚ್ಚು. ಆದ್ದರಿಂದ ಸ್ಪ್ಯಾನರಿಗೆ ಪೈಪು ಸೇರಿಸಿ ಉದ್ದ ಮಾಡುವ ಅಭ್ಯಾಸ ಇಲ್ಲಿ ಬೇಡವೇ ಬೇಡ. ಕಾಲು ಸುತ್ತು ಬಿಚ್ಚಿ, ಅದರ ಅರ್ಧದಷ್ಟು ಮತ್ತೆ ಹಿಂದಕ್ಕೆ ತಿರುಗಿಸಿ, ಎಣ್ಣೆ ಬಿಟ್ಟು, ಮತ್ತೆ ಬಿಚ್ಚಿ. ಕಿರಗುಟ್ಟಿದರೆ ನಿಲ್ಲಿಸಿ, ಇನ್ನೊಂದು ರಾತ್ರಿ ನೆನೆಸಿ. ತುದಿ ಮುರಿದು ಗೂಡಿನೊಳಗೆ ಉಳಿದರೆ ಗಾಡಿಯನ್ನು ಸ್ಟಾರ್ಟ್ ಮಾಡಲೇಬಾರದು. ಆಮೇಲೆ ಅದು ಹೆಡ್ ಬಿಚ್ಚುವ ಮೆಕ್ಯಾನಿಕ್ಕಿನ ಕೆಲಸ.

ಹೊರಬಂದ ಪ್ಲಗ್ಗನ್ನು ಬಿಸಾಡಬೇಡಿ, ಅದರ ತುದಿ ನೋಡಿ. ಬರೀ ಮಸಿ ಹಿಡಿದು ಸುರುಳಿ ಕಡಿದಿದ್ದರೆ ಅದು ವಯಸ್ಸಿನ ಸಾವು. ತುದಿ ಊದಿದ್ದರೆ, ಬಿರಿದಿದ್ದರೆ, ಕರಗಿದ್ದರೆ ಕರೆಂಟು ತುಂಬ ಹೊತ್ತು ಹರಿದಿದೆ, ಅಥವಾ ನಾಝಲ್ ಸಿಂಪಡಿಸದೆ ತೊಟ್ಟಿಕ್ಕುತ್ತಿದೆ. ನಾಝಲ್ಲನ್ನು ಡೀಸೆಲ್ ಪಂಪು ರಿಪೇರಿಯವರಲ್ಲಿ ತೋರಿಸದೆ ಹೊಸ ಪ್ಲಗ್ ಹಾಕಿದರೆ ಅದೂ ಕೆಲವೇ ತಿಂಗಳಲ್ಲಿ ಹಾಗೆಯೇ ಹೋಗುತ್ತದೆ.

ಹೊಸದನ್ನು ಜೋಡಿಯಾಗಿಯೇ ಹಾಕಿ. ಒಂದು ಸತ್ತ ಮೇಲೆ ಅದರ ಜೊತೆಯದಕ್ಕೂ ವಯಸ್ಸಾಗಿರುತ್ತದೆ. ಹಳೆಯದನ್ನು ಅಂಗಡಿಗೆ ಒಯ್ದು ಉದ್ದ, ಥ್ರೆಡ್, ವೋಲ್ಟೇಜ್ ಮೂರನ್ನೂ ಹೊಂದಿಸಿ ತನ್ನಿ. ಮೊದಲ ಸುತ್ತುಗಳು ಬೆರಳಿನಿಂದಲೇ ಹೋಗಬೇಕು. ಬೆರಳಿಗೆ ಬಗ್ಗದಿದ್ದರೆ ಥ್ರೆಡ್ ಓರೆ ಕೂತಿದೆ ಎಂದರ್ಥ. ಹತ್ತು ಮಿಲಿಮೀಟರಿನದಕ್ಕೆ ಸುಮಾರು 15, ಹನ್ನೆರಡರದಕ್ಕೆ 22 ನ್ಯೂಟನ್ ಮೀಟರ್ ಬಿಗಿತ ಸಾಕು. ಪ್ಯಾಕೆಟ್ಟಿನ ಮೇಲೆ ಬೇರೆ ಅಂಕಿಯಿದ್ದರೆ ಅದನ್ನೇ ಹಿಡಿಯಿರಿ. ಹೊಸ ಕಾಲದ ಕಾಮನ್ ರೈಲ್ ಕಾರುಗಳಿಗೆ ಮಾತ್ರ ಈ ಅಧ್ಯಾಯ ಹೊಂದದು. ಅವುಗಳ ಅನೇಕ ಪ್ಲಗ್‌ಗಳು 12 ವೋಲ್ಟಿನವಲ್ಲ, ನೇರ ಬ್ಯಾಟರಿಗೆ ಹಿಡಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತವೆ.

ಪ್ಲಗ್ ಸತ್ತ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ ಬೆಳಗ್ಗೆ ಉರುಳಿಸಿಕೊಂಡು ಸ್ಟಾರ್ಟ್ ಮಾಡುವವರಿದ್ದಾರೆ. ಕತ್ತಲಲ್ಲಿ ಲೋಡ್ ಗಾಡಿಯ ಹಿಂದೆ ಮುಂದೆ ನಿಂತು ತಳ್ಳುವವರ ಕಾಲು ಜಾರಿದರೆ ಏನಾಗುತ್ತದೆಂದು ಯೋಚಿಸಬೇಕು. ಗಾಳಿ ಎಳೆಯುವ ಕೊಳವೆಯ ಬಾಯಿಗೆ ಉರಿಯುವ ಬಟ್ಟೆ ಹಿಡಿಯುವವರೂ ಇದ್ದಾರೆ. ಪಕ್ಕದಲ್ಲೇ ಡೀಸೆಲ್ ಪೈಪು, ಮೇಲೆ ಸೀಟಿನ ಸ್ಪಂಜು, ದಯವಿಟ್ಟು ಬೇಡ. ಸ್ಟಾರ್ಟಿಂಗ್ ಸ್ಪ್ರೇ ಇನ್ನೂ ಅಪಾಯ: ಅದರಲ್ಲಿರುವ ಈಥರ್ ಕೆಂಡವಾದ ಪ್ಲಗ್ಗಿಗೆ ತಾಗಿದರೆ ಕಾಲಕ್ಕೆ ಮೊದಲೇ ಸಿಡಿದು ಪಿಸ್ಟನ್ನನ್ನೇ ಒಡೆಯಬಹುದು.

ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದಾಗ ಪ್ಲಗ್ ಬುಡದಲ್ಲಿ ಚುಸ್ ಚುಸ್ ಎಂಬ ಸದ್ದು ಬರುತ್ತಿದೆಯೇ ಎಂದು ಕಿವಿಗೊಡಿ. ಬಂದರೆ ಗಾಳಿ ಸೋರುತ್ತಿದೆ, ನಿಲ್ಲಿಸಿ ಬಿಗಿತ ನೋಡಿ. ಆದರೆ ಸಂಜೆ ಬಿಸಿ ಇಂಜಿನ್ ಒಂದೇ ಏಟಿಗೆ ಹತ್ತಿತೆಂದು ಕೆಲಸ ಮುಗಿಯಿತೆನ್ನಬೇಡಿ. ರಾತ್ರಿಯಿಡೀ ಗಾಡಿ ಮಂಜಿನಲ್ಲಿ ನಿಲ್ಲಲಿ. ಬೆಳಗಿನ ಜಾವ ಕೀಲಿಯನ್ನು ಅರ್ಧ ತಿರುಗಿಸಿ, ಸುರುಳಿ ದೀಪ ಆರುವವರೆಗೆ ತಡೆದು, ಆಮೇಲೆ ಸೆಲ್ಫ್ ಹೊಡೆಯಿರಿ. ಎರಡೂ ಸಿಲಿಂಡರ್ ಒಟ್ಟಿಗೆ ಹಿಡಿದುಕೊಂಡರೆ ಸೀಟಿನ ಅಡಿಯಲ್ಲಿ ಒಂದು ಚೀಟಿ ಅಂಟಿಸಿ, ಪ್ಲಗ್ ಹಾಕಿದ ತಾರೀಖು ಮತ್ತು ಗಾಡಿ ಓಡಿದ ಕಿಲೋಮೀಟರ್ ಬರೆದಿಡಿ.