ಹಾಳೆ ತಟ್ಟೆಯ ಯಂತ್ರ ಎಷ್ಟು ಒತ್ತಿದರೆ ಗಿಟ್ಟುತ್ತದೆ?

ಅಡಿಕೆ ಸೋಗೆ ಕಳಚಿ ಬಿದ್ದಾಗ ಅದರ ಬುಡಕ್ಕಂಟಿಕೊಂಡು ಬರುವ ಹಾಳೆ ಹಿಂದೆ ದನಗಳಿಗೆ ಮೇವಾಗುತ್ತಿತ್ತು, ತುಳುನಾಡಿನಲ್ಲಿ ತಲೆಗೆ ಮುಟ್ಟಾಳೆಯಾಗುತ್ತಿತ್ತು. ಈಗ ಮಲೆನಾಡು, ಕರಾವಳಿಯ ಎಷ್ಟೋ ಹಿತ್ತಿಲ ಶೆಡ್ಡುಗಳಲ್ಲಿ ಅದು ಊಟದ ತಟ್ಟೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆಗಳನ್ನು ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ಸಾಲ ಮಾಡಿ ಯಂತ್ರ ತರುವ ಯೋಚನೆ ಹಲವರಿಗೆ ಬರುವುದು ಸಹಜ.

ಯಂತ್ರದ ಕೆಲಸ ಸರಳ. ನೆನೆಸಿ, ಉಜ್ಜಿ ತೊಳೆದು, ನೀರಿಳಿಸಿದ ಹಾಳೆಯನ್ನು ಹಸಿ ಆರುವ ಮುನ್ನ ಕೆಳಗಿನ ಅಚ್ಚಿನ ಮೇಲಿಡುತ್ತಾರೆ. ಹೀಟರಿನಿಂದ ಕಾದ ಮೇಲಿನ ಅಚ್ಚು ಇಳಿದು ಒತ್ತುತ್ತದೆ. ಅಂಟಿಲ್ಲ, ರಾಸಾಯನಿಕವಿಲ್ಲ, ಆದರೂ ಆಕಾರ ನಿಲ್ಲುತ್ತದೆ. ಹಾಳೆಯ ನಾರುಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಎಂಬ ವಸ್ತು ಬಿಸಿ ಮತ್ತು ತೇವ ಸೇರಿದಾಗ ಮೆದುವಾಗುತ್ತದೆ; ನಾರುಗಳು ಅಚ್ಚಿಗೆ ತಕ್ಕಂತೆ ಬಾಗುತ್ತವೆ; ನೀರು ಆವಿಯಾಗಿ ತಟ್ಟೆ ತಣಿದಾಗ ಲಿಗ್ನಿನ್ ಮತ್ತೆ ಬಿಗಿಯುತ್ತದೆ. ತೇವ ಕಡಿಮೆಯಾದರೆ ಹಾಳೆ ಸೀಳುತ್ತದೆ, ಬಿಸಿ ಹೆಚ್ಚಾದರೆ ಕಂದುಗಟ್ಟುತ್ತದೆ. ಲಾಭನಷ್ಟದ ಅರ್ಧ ಕತೆ ಇರುವುದು ಇಲ್ಲೇ, ಅದಕ್ಕೆ ಆಮೇಲೆ ಬರೋಣ.

ಲೆಕ್ಕಕ್ಕೆ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಯಂತ್ರ ಓಡಲಿ ಬಿಡಲಿ, ತಿಂಗಳಿಗೆ ಕೊಡಲೇಬೇಕಾದದ್ದು ಸಾಲದ ಕಂತು 12,000, ಶೆಡ್ಡಿನ ಬಾಡಿಗೆ 4,000, ಇತರೆ 2,000, ಒಟ್ಟು 18,000 ರೂಪಾಯಿ. ಪ್ರತಿ ತಟ್ಟೆಗೂ ತಗಲುವುದು ಹಾಳೆಗೆ 1 ರೂಪಾಯಿ, ತಟ್ಟೆಯ ಲೆಕ್ಕದ ಕೂಲಿ 60 ಪೈಸೆ, ಕರೆಂಟು 40 ಪೈಸೆ, ಪ್ಯಾಕಿಂಗ್ 20 ಪೈಸೆ, ಅಂದರೆ 2.20. ಮಾರುವ ಬೆಲೆ 4 ರೂಪಾಯಿ. ತಟ್ಟೆಗಳ ಸಂಖ್ಯೆಯನ್ನು 'ತ' ಎಂದು ಕರೆದರೆ, ಲಾಭವೂ ಇಲ್ಲದ ನಷ್ಟವೂ ಇಲ್ಲದ ಸ್ಥಿತಿ ಇದು:

4ತ = 2.20ತ + 18,000

2.20ತವನ್ನು ಎಡಕ್ಕೆ ತಂದರೆ 1.80ತ = 18,000, ಹಾಗಾಗಿ ತ = 10,000. ಹತ್ತು ಸಾವಿರದ ತನಕ ದುಡಿದದ್ದೆಲ್ಲ ಬ್ಯಾಂಕಿಗೆ, ಬಾಡಿಗೆಗೆ. ತಿಂಗಳಿಗೆ 18,000 ಕೈಯಲ್ಲಿ ಉಳಿಯಬೇಕೆಂದರೆ ಬಲಬದಿಗೆ ಅದನ್ನೂ ಸೇರಿಸಬೇಕು: 36,000ವನ್ನು 1.80ರಿಂದ ಭಾಗಿಸಿದರೆ 20,000 ತಟ್ಟೆ.

ಎಂಟನೇ ತರಗತಿಯ ಬೀಜಗಣಿತ ಇಷ್ಟಕ್ಕೇ ಮುಗಿಯುತ್ತದೆ. ಶೆಡ್ಡಿನ ಲೆಕ್ಕ ಮುಗಿಯುವುದಿಲ್ಲ, ಏಕೆಂದರೆ 'ತ' ಎಷ್ಟು ದೊಡ್ಡದಾದರೂ ಸಮೀಕರಣ ಒಪ್ಪುತ್ತದೆ, ಯಂತ್ರ ಒಪ್ಪುವುದಿಲ್ಲ. ಹಾಳೆ ಇಟ್ಟು, ಒತ್ತಿ, ತೆಗೆಯಲು ಒಂದು ಅಚ್ಚಿಗೆ ಒಂದು ನಿಮಿಷವೆನ್ನಿ. ಎರಡು ಅಚ್ಚಿನ ಯಂತ್ರ ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ ಬಿಡದೆ ಓಡಿದರೆ 24,000 ತಟ್ಟೆ. ಕರೆಂಟು ಹೋಗದಿದ್ದರೆ ಎಂಬುದನ್ನು ನಮ್ಮ ಊರುಗಳಲ್ಲಿ ಬೇರೆ ಹೇಳಬೇಕಿಲ್ಲ.

ಪೇಟೆಯ ವ್ಯಾಪಾರಿ ಶೇ. 10 ಇಳಿಸಿ ಕೊಡಿ ಎನ್ನುತ್ತಾನೆ. ನಲವತ್ತು ಪೈಸೆ ತಾನೇ ಎನಿಸುತ್ತದೆ. ಆದರೆ ನಾವು ಭಾಗಿಸುತ್ತಿರುವುದು ಬೆಲೆಯಿಂದಲ್ಲ, ಬೆಲೆ ಮತ್ತು ಖರ್ಚಿನ ಅಂತರದಿಂದ. ಅದು 1.80ರಿಂದ 1.40ಕ್ಕೆ ಕುಸಿಯಿತು. ಅದೇ 18,000 ಉಳಿಯಲು ಈಗ 25,715 ತಟ್ಟೆ ಬೇಕು. ಬೆಲೆ ಇಳಿದದ್ದು ಶೇ. 10, ಮಾರಬೇಕಾದದ್ದು ಏರಿದ್ದು ಸುಮಾರು ಶೇ. 29. ಅಷ್ಟು ತಟ್ಟೆಗೆ ಗಿರಾಕಿ ಸಿಕ್ಕರೂ ಒತ್ತಲು ಈ ಯಂತ್ರಕ್ಕೆ ತಿಂಗಳು ಸಾಲದು.

ಸೀಳುವ, ಕಂದುವ ಹಾಳೆಗಳದ್ದೂ ಇದೇ ಪಾಡು. ನೂರಕ್ಕೆ ಹತ್ತು ಹಾಳಾದರೆ ಅವುಗಳ ಹಾಳೆ, ಕೂಲಿ, ಕರೆಂಟಿನ ಭಾರ ಉಳಿದ ತೊಂಬತ್ತರ ಮೇಲೆ ಬೀಳುತ್ತದೆ. ಬೆಲೆ 4 ರೂಪಾಯಿಯೇ ಇದ್ದರೂ ಪ್ರತಿ ತಟ್ಟೆಯ ಖರ್ಚು ಸುಮಾರು 2.42 ಆಗಿ, ಮಾರಬೇಕಾದದ್ದು 22,800ರ ಹತ್ತಿರ, ಒತ್ತಬೇಕಾದದ್ದು ಸುಮಾರು 25,350. ಮತ್ತೆ ಯಂತ್ರದ ಮಿತಿ ದಾಟಿತು. ನನ್ನ ಅಭಿಪ್ರಾಯದಲ್ಲಿ ಹೊಸ ಗಿರಾಕಿ ಹುಡುಕುವುದಕ್ಕಿಂತ ಹಾಳೆ ನೆನೆಸುವುದನ್ನು, ಹೀಟರಿನ ಬಿಸಿಯನ್ನು ಹದಕ್ಕೆ ತರುವುದೇ ಇಲ್ಲಿ ಮೊದಲ ಲಾಭ.

ಬೆಲೆಯಂತೂ ನಮ್ಮ ಕೈಯಲ್ಲಿಲ್ಲ. ಅಡಿಕೆಯ ಆಲ್ಕಲಾಯ್ಡುಗಳು ತಟ್ಟೆಯಿಂದ ಆಹಾರಕ್ಕೆ ಸೇರಬಹುದೆಂಬ ಕಾರಣಕ್ಕೆ 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ತಟ್ಟೆಗಳ ಆಮದಿಗೆ ತಡೆಯೊಡ್ಡಿತು. ಹಡಗು ಹತ್ತಬೇಕಿದ್ದ ಸರಕು ಊರ ಸಂತೆಗೆ ತಿರುಗಿದರೆ 4 ರೂಪಾಯಿ 4 ಆಗಿಯೇ ಉಳಿಯದು. ಇನ್ನು ಮಳೆಗಾಲ: ಬೇಸಿಗೆಯಲ್ಲಿ ಒಣಗಿಸಿ ಕೂಡಿಡದಿದ್ದರೆ ಹಾಳೆಗೆ ಬೂಸ್ಟು ಹಿಡಿಯುತ್ತದೆ, ಯಂತ್ರ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ.

ಯಂತ್ರ ಮಾರುವವರು ದಿನಕ್ಕೆ ಎಷ್ಟು ತಟ್ಟೆ ಬರುತ್ತದೆ ಎಂಬುದನ್ನು ತಾವಾಗಿಯೇ ಹೇಳುತ್ತಾರೆ. ನೂರಕ್ಕೆ ಎಷ್ಟು ಹಾಳಾಗುತ್ತದೆ, ಆಷಾಢದಲ್ಲಿ ಎಷ್ಟು ದಿನ ಓಡುತ್ತದೆ ಎಂಬುದನ್ನು ಈಗಾಗಲೇ ಯಂತ್ರ ಇಟ್ಟಿರುವ ಪಕ್ಕದೂರಿನವರನ್ನು ಕೇಳಿ ತಿಳಿದು, ಆ ಅಂಕಿಗಳನ್ನು ಹಾಕಿ ನೋಡಿದ ಮೇಲೆಯೇ ಸಾಲದ ಪತ್ರಕ್ಕೆ ಸಹಿ ಮಾಡಿ.