ಅಟ್ಟದ ರೇಡಿಯೋ ಮತ್ತೆ ಹಾಡಿತು

ನಿಮ್ಮ ಮನೆಯ ಅಟ್ಟದಲ್ಲೂ ಹಳೆಯ ವಾಲ್ವ್ ರೇಡಿಯೋ ಒಂದು ಧೂಳು ತಿನ್ನುತ್ತಾ ಕೂತಿದೆಯೇ? ಗುಜರಿಯವನಿಗೆ ಕೊಡುವ ಮುನ್ನ ನನ್ನ ಮಾತು ಸ್ವಲ್ಪ ಕೇಳಿ.

ನಮ್ಮ ಅತ್ತೆಯವರಿಗೆ 80 ದಾಟಿತು. ಮೊಬೈಲಿನಲ್ಲಿ ದೇವರನಾಮ ಹಾಕಿಕೊಟ್ಟರೆ, "ಕೀಚು ಕೀಚು ಅನ್ನುತ್ತೆ ಕಣಮ್ಮ, ನಿಮ್ಮ ಮಾವನವರ ರೇಡಿಯೋದಲ್ಲಿ ಬರೋ ಹಾಗೆ ಮಾಡು" ಎಂದರು. ಕಾಲೇಜು ಓದುವ ಮಗ, "ಅದೇನು ಮಹಾ" ಅಂತ ರೇಡಿಯೋ ಇಳಿಸಿ, ಹಿಂದಿನ ರಟ್ಟು ಬಿಚ್ಚಿ, ಪ್ಲಗ್ ಹಾಕಿಯೇಬಿಟ್ಟ. ಒಳಗಿನ ತಗಡಿಗೆ ಬೆರಳು ತಾಗಿದ್ದೇ ತಡ, ಹೊಡೆಯಿತು ನೋಡಿ ಶಾಕ್! ಕೈ ಬಿಟ್ಟುಬಂದದ್ದು ನಮ್ಮ ಪುಣ್ಯ.

ಮರುದಿನವೇ ಪೇಟೆಯ ಹಳೇ ರೇಡಿಯೋ ರಿಪೇರಿಯವರನ್ನು ಕರೆಸಿದೆ. ಅವರು ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ಮೊದಲು ಜೋಕೆ

ಕೆಲವು ಹಳೆಯ ರೇಡಿಯೋಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಗೋಡೆಯ 230 ವೋಲ್ಟಿನ ಒಂದು ತಂತಿ ನೇರ ತಗಡಿಗೇ ಸೇರಿರುತ್ತದೆ. ಪ್ಲಗ್ ತಿರುಗುಮುರುಗಾದರೆ ತಗಡೆಲ್ಲಾ ಕರೆಂಟು. ಮೊಬೈಲ್ ಜೋಡಿಸಿದರೆ ಅದಕ್ಕೂ ಹರಿದೀತು! ಹಿಂದಿನ ರಟ್ಟಿನ ಮೇಲೆ 'ಎಸಿ/ಡಿಸಿ' ಎಂದಿದ್ದರೆ, ವಾಲ್ವುಗಳ ಹೆಸರು 'ಯು' ಅಕ್ಷರದಿಂದ ಶುರುವಾದರೆ, ಇದೇ ಜಾತಿ ಎಂದು ತಿಳಿಯಿರಿ. ನಮ್ಮದೂ ಇದೇ. ರಿಪೇರಿಯವರು ಗೋಡೆಗೂ ರೇಡಿಯೋಗೂ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿಕೊಟ್ಟರು. ನೇರ ತಂತಿಯ ನಂಟು ಅಲ್ಲಿಗೆ ಕಡಿಯಿತು.

ವರ್ಷಗಟ್ಟಲೆ ಸುಮ್ಮನಿದ್ದ ರೇಡಿಯೋಗೆ ಏಕಾಏಕಿ ಕರೆಂಟು ಕೊಡಲೂಬಾರದಂತೆ. ಒಳಗಿನ ಕಂಡೆನ್ಸರ್‌ಗಳು ಹಾಳಾಗಿ ಹೊಗೆ ಬಂದೀತು. ಮೊದಲು ಅವನ್ನು ಬದಲಿಸಿಸಿ. ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ ಕರೆಂಟು ಉಳಿದಿರುತ್ತದೆ. ಆದ್ದರಿಂದ ಒಳಗೆ ಕೈ ಹಾಕುವುದು ನಮ್ಮ ಕೆಲಸವಲ್ಲ, ತಿಳಿದವರದು.

ಜೋಡಿಸುವ ಬಗೆ

ಅನೇಕ ರೇಡಿಯೋಗಳ ಬೆನ್ನಿಗೆ 'ಗ್ರಾಂ' ಅಥವಾ 'ಪಿಕಪ್' ಎಂಬ ಎರಡು ತೂತುಗಳಿರುತ್ತವೆ. ಹಿಂದೆ ರೆಕಾರ್ಡ್ ಪ್ಲೇಯರಿನ ವೈರು ಸಿಕ್ಕಿಸುತ್ತಿದ್ದ ಜಾಗ. ಮೊಬೈಲಿನ ಹಾಡೂ ಅಲ್ಲಿಂದಲೇ ಒಳಹೋಗಬೇಕು. ಮೊಬೈಲಿನಿಂದ ಬರುವುದು ಎಡ, ಬಲ ಎಂಬ ಎರಡು ದನಿ. ರೇಡಿಯೋಗೆ ಇರುವುದು ಒಂದೇ ಬಾಯಿ. ಎರಡನ್ನೂ ಸುಮ್ಮನೆ ಹೊಸೆದುಬಿಡಬಾರದು. ಒಂದೊಂದಕ್ಕೂ 1 ಕಿಲೋ ಓಮ್ ರೆಸಿಸ್ಟರ್ ಬೆಸೆದು ಆಮೇಲೆ ಸೇರಿಸಬೇಕು. ಇಯರ್‌ಫೋನ್ ತೂತಿಲ್ಲದ ಮೊಬೈಲಾದರೆ ಬ್ಲೂಟೂತ್ ರಿಸೀವರ್ ಎಂಬ ಪುಟ್ಟ ಡಬ್ಬಿ ಸಿಗುತ್ತದೆ, ವೈರನ್ನು ಅದಕ್ಕೆ ಹಾಕಿದರಾಯಿತು. ಮೊಬೈಲನ್ನು ಚಾರ್ಜಿಗೆ ಹಾಕಿಕೊಂಡು ಮಾತ್ರ ಜೋಡಿಸಬೇಡಿ.

ಆ ಸಂಜೆ ಗುಂಡಿ ತಿರುಗಿಸಿದೆ. ವಾಲ್ವು ಕಾಯಬೇಕಲ್ಲ, ಅರ್ಧ ನಿಮಿಷ ಸದ್ದೇ ಇಲ್ಲ. ಆಮೇಲೆ ಮೆಲ್ಲಗೆ, ತುಂಬುಗಂಟಲಿನಲ್ಲಿ ಹಾಡು ಬಂತು. ಅತ್ತೆಯವರು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, "ಬೆಚ್ಚಗಿದೆ ಕಣಮ್ಮ, ಆಗಿನ ಹಾಗೇ" ಎಂದರು.

ಮಗನ ಬೆರಳು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ನೀವೂ ಹಳೆಯದನ್ನು ಉಳಿಸಿಕೊಳ್ಳಿ. ಆದರೆ ಆತುರ ಬೇಡ, ತಿಳಿದವರ ಕೈಯಲ್ಲೇ ಮಾಡಿಸಿ.